ರಾವೂರಿನ ಗಣಿನೀರು

ಶಾರ್ಕು ಮೊದಲಿಗೇ ಕಚ್ಚುವುದಿಲ್ಲ, ಒಮ್ಮೆ ಮೈ ಉಜ್ಜಿ ನೋಡಿ ಹೋಗುತ್ತದೆ, ಆಮೇಲೆ ತಿರುಗಿ ಬರುತ್ತದೆ ಎಂದು ಅವತ್ತು ಬೆಳಿಗ್ಗೆಯಷ್ಟೇ ಪಾಠ ಹೇಳಿದ್ದೆ. ಸಮುದ್ರವನ್ನೇ ಕಾಣದ ರಾವೂರಿನ ಮಕ್ಕಳು ನಕ್ಕಿದ್ದರು.

ಸಂಜೆ ನಾನು ಶಾಲೆ ಬಿಟ್ಟು ಬರುವಾಗ, ಮಳೆನೀರು ನಿಂತ ಹಳೆಯ ಕಲ್ಲುಗಣಿಯಲ್ಲಿ ನಮಗೆ ಹಾಲು ಹಾಕುವ ದೇವಿಂದ್ರಪ್ಪ ತಮ್ಮ ಎಮ್ಮೆಯನ್ನೂ ಅದರ ಕರುವನ್ನೂ ತೊಳೆಯುತ್ತಿದ್ದರು. ಎಮ್ಮೆ ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗಿತು.

"ಕಾಲಿಗಿ ಏನೋ ತಿಕ್ಕಿ ಹೋತ್ರಿ ಟೀಚರ್, ಪಾಲಿಶ್ ಹೊಡಿಯೋ ಕಲ್ಲಿನಂಗ ಖರಖರ ಅಂತು" ಎಂದು ನಗುತ್ತ ಕಾಲೆತ್ತಿ ತೋರಿಸಿದರು. ತೊಗಲು ಸುಲಿದು ರಕ್ತ ಜಿನುಗುತ್ತಿತ್ತು.

"ಲಗೂನ ಮ್ಯಾಲ ಬರ್ರಿ! ಅದು ತಿರುಗಿ ಬರ್ತದ!" ಎಂದು ಕೂಗಿದೆ.

ಅವರು ಬಂದರು. ಕರು ಬರಲಿಲ್ಲ. ಅದು ಮುಳುಗಲೂ ಇಲ್ಲ. ಅರಚದೆ, ಕಾಲಾಡಿಸದೆ, ನಮ್ಮನ್ನೇ ನೋಡುತ್ತ ನೀರಿನ ಮೇಲೆ ನಿಧಾನವಾಗಿ ಸುತ್ತತೊಡಗಿತು. ಅದರ ಹಗ್ಗ ಅವರ ಕೈಯಲ್ಲೇ ಇತ್ತು. ನಾನೂ ಹಿಡಿದು ಜಗ್ಗಿದೆ. ಇಬ್ಬರ ಬಲವೂ ಸಾಲಲಿಲ್ಲ. ಆಮೇಲೆ ಹಗ್ಗ ಹಗುರಾಯಿತು; ನೀರಿನ ಮೇಲೆ ಕರು ಇರಲಿಲ್ಲ.

ಊರವರು ಮೋಟಾರು ಹಚ್ಚಿ ಗಣಿ ಖಾಲಿ ಮಾಡಿಸಿದರು. ತಳದಲ್ಲಿ ಮೀನಿರಲಿಲ್ಲ, ಎಲುಬೂ ಇರಲಿಲ್ಲ. ಆದರೆ ನೀರು ನಿಂತಿದ್ದ ಮಟ್ಟದವರೆಗೆ ನಾಲ್ಕೂ ಗೋಡೆಗಳಲ್ಲಿ ಕಲ್ಲು ಕಡಿದ ಉಳಿಯ ಗುರುತು ಅಳಿದು, ಕಲ್ಲು ನಮ್ಮ ಮನೆಯ ಪಾಲಿಶ್ ಹೊಡೆದ ನೆಲದಷ್ಟು ನುಣ್ಣಗಾಗಿತ್ತು.