ಮುಗಿಸಪ್ಪನಿಗೆ ಪ್ರವೇಶವಿಲ್ಲ

"ಈ ಕನ್ನಡಕ ಹಾಕ್ಕೊಂಡು ನನ್ನ ತಮ್ಮ ಕೂರಿಸಿರೋ ಟೈಲ್ಸ್ ನೋಡ್ಬನ್ನಿ! ಬಾತ್‌ರೂಮ್ ಗೋಡೆ ಕುಡಿದವರ ಥರ ವಾಲಿದೆ!"

ಅಕ್ಕ ಕನ್ನಡಕವನ್ನು ಕನ್ನಡಕದಂಗಡಿಯ ಕೌಂಟರ್ ಮೇಲೆ ಕುಕ್ಕಿದಳು. ಪಕ್ಕದಲ್ಲಿ ಅವಳ ತಮ್ಮ, ಟೈಲ್ಸ್ ಮೇಸ್ತ್ರಿ, ತಲೆ ತಗ್ಗಿಸಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಒಣಗಿದ ಸಿಮೆಂಟು.

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ನಮ್ಮ ಹುಡುಗಿ ಆ ಕನ್ನಡಕವನ್ನು ಕೈಗೆತ್ತಿಕೊಂಡು ನೋಡಿದಳು. ಹೋದ ವಾರ ಇವನಿಗೆ ಅಕ್ಷರ ಓದಿಸಿದ್ದು ಅವಳೇ. ಅವನು ತಪ್ಪು ಹೇಳಿದಾಗಲೆಲ್ಲ ಪವರ್ ಏರಿಸಿದ್ದೂ ಅವಳೇ. ಎಲ್ಲಿ ಎಡವಿದೆ ನಾನು?

ಯಜಮಾನರು ಧುಮುಗುಡುತ್ತಾ ಬಂದರು. "ಹೆಸರು ಕೆಡಿಸಿದೆಯಲ್ಲಮ್ಮ! ನಾಳೆಯಿಂದ ಬರಬೇಡ."

"ಸರ್, ಪ... ಪ..." ಪರೀಕ್ಷೆ ಮತ್ತೆ ಮಾಡ್ತೀನಿ ಎನ್ನಬೇಕಿತ್ತು ಅವಳಿಗೆ.

"ಪರವಾಗಿಲ್ಲ ಬಿಡಿ ಅಂತೀಯಾ? ಹಾಗನ್ನೋಕೆ ನೀನ್ಯಾರು?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಮುಗಿಸಪ್ಪ!" ಎಂದುಬಿಟ್ಟಳು, ಹಲ್ಲು ಕಚ್ಚಿ.

ಮೇಸ್ತ್ರಿ ತಟ್ಟನೆ ತಲೆಯೆತ್ತಿದ.

ಆ ಮಾತು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಅದು ಹುಟ್ಟಿದ್ದು ಫೋನಿನಲ್ಲಿ, ಮಾತು ತೊದಲುವವರೇ ಸೇರಿ ಕಟ್ಟಿಕೊಂಡ ಒಂದು ಗುಂಪಿನಲ್ಲಿ. ಗಂಟಲಲ್ಲಿ ಸಿಕ್ಕಿಕೊಂಡ ಮಾತಿಗೆ ಅಲ್ಲಿ 'ಗುಳುಂಬ' ಎನ್ನುತ್ತಾರೆ. ಕಷ್ಟದ ಅಕ್ಷರ ಬಂದಾಗ ಬೇರೇನೋ ಹೇಳಿ ನುಣುಚಿಕೊಂಡರೆ 'ಓಣಿ ಹಿಡಿದ' ಎನ್ನುತ್ತಾರೆ. ಇನ್ನು, ಅವಸರಪಟ್ಟು ಎದುರಿನವರ ಮಾತನ್ನು ತಾವೇ ಮುಗಿಸುವ ಮಹಾನುಭಾವರು 'ಮುಗಿಸಪ್ಪ', ಹೆಂಗಸಾದರೆ 'ಮುಗಿಸಮ್ಮ'. ಇಷ್ಟು ದಿನ ಜಗತ್ತು ತೊದಲುವವರಿಗೆ ಹೆಸರಿಟ್ಟಿತ್ತು, ಈಗ ಅವರು ಜಗತ್ತಿಗೆ ಹೆಸರಿಡುತ್ತಿದ್ದರು!

ಅಲ್ಲಿ ಅವಳ ಹೆಸರು 'ಚಿಟಪಟ'. ಅಲ್ಲೇ ಪರಿಚಯವಾದವನು 'ಸಾವಕಾಶ'. ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ, ಬರೀ ಬರಹದ ಸ್ನೇಹ. 'ಇನ್ಮೇಲೆ ಸತ್ರೂ ಓಣಿ ಹಿಡಿಯಲ್ಲ' ಎಂದು ಅವನು ಬರೆದ ದಿನವೇ ಅವಳು ಮನಸ್ಸು ಕೊಟ್ಟಾಗಿತ್ತು. 'ಒಂದ್ಸಲ ಸಿಗೋಣ್ವಾ?' ಎಂದೂ ಕೇಳಿದ್ದಳು.

ಅಷ್ಟೇ... ಹೋದ ವಾರದಿಂದ ಅವನ ಸುದ್ದಿಯೇ ಇಲ್ಲ. ನಾನೇ ಮೇಲೆ ಬಿದ್ದು ಕೇಳಬಾರದಿತ್ತೇನೋ ಎಂದು ಕೊರಗುತ್ತಿದ್ದಳು.

"ಏನಂದೆ ನನಗೆ?" ಯಜಮಾನರು ಗುಡುಗಿದರು.

"ಮುಗಿಸಪ್ಪ ಅಂದೆ ಸರ್! ಕೆಲಸ ಹೋದ್ರೆ ಹೋಗ್ಲಿ. ನನ್ನ ಮಾ... ಮಾತು ಮುಗಿಸೋಳು ನಾನು!"

"ತ... ತಪ್ಪು ಇವರದಲ್ಲ," ಎಂದ ಮೇಸ್ತ್ರಿ.

"ಸುಮ್ನಿರೋ, ಅವನು ಹೇಳೋದೇನಂದ್ರೆ..." ಅಕ್ಕ ಬಾಯಿ ಹಾಕಿದಳು.

"ಅಕ್ಕಾ! ನಾ... ನಾನೇ ಹೇಳ್ತೀನಿ." ಅವನ ಕಿವಿ ಕೆಂಪಾಗಿತ್ತು. "ಅವತ್ತು ಅಕ್ಷರ ಕಾಣ್ತಿತ್ತು. ಬೋರ್ಡಲ್ಲಿ 'ಪ' ಇತ್ತು, ಅದು ನನ್ನ ಬಾಯಲ್ಲಿ ಬ... ಬರಲ್ಲ. ಅದಕ್ಕೇ 'ವ' ಅಂದೆ. ಓ... ಓಣಿ ಹಿಡಿದೆ."

"ಯಾವ ಓಣಿ? ಯಾರ ಓಣಿ?" ಯಜಮಾನರು ತಬ್ಬಿಬ್ಬಾದರು.

ಅವಳಿಗೆ ಮಾತ್ರ ಎಲ್ಲವೂ ಅರ್ಥವಾಗಿತ್ತು. ಇವನು... ಇವನೇನಾ? ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಒಳಗೆ ಬನ್ನಿ. ಮತ್ತೆ ನೋಡ್ತೀನಿ. ನೀವಿಬ್ರೂ ಹೊರಗಿರಿ!"

ಯಜಮಾನರ ಅಂಗಡಿಯಲ್ಲೇ ಯಜಮಾನರ ಮುಖಕ್ಕೇ ಬಾಗಿಲು ಹಾಕಿಕೊಂಡಳು ಹುಡುಗಿ!

ಅದೇ ಕುರ್ಚಿ, ಅದೇ ಬೋರ್ಡು. "ಪ್... ಪ್..." ಅವನ ಹಣೆ ಬೆವರಿತು. ಅವಳು ತಲೆಯಾಡಿಸಿ ಅವಸರ ಮಾಡಲಿಲ್ಲ, ಗಡಿಯಾರ ನೋಡಲಿಲ್ಲ, ಸುಮ್ಮನೆ ಕಾದಳು.

"ಪ!"

ಸಾಲು ಸಾಲಾಗಿ ಓದಿಸಿದಳು. ಪವರ್ ಅರ್ಧಕ್ಕರ್ಧ ಇಳಿಯಿತು.

"ಸಾ... ಸಾವಕಾಶ ಅಂದ್ರೆ ನೀವೇನಾ?"

"ಹ್ಞೂಂ... ಚಿಟಪಟ?"

ಅವಳ ಕಣ್ಣು ತುಂಬಿ ಬಂತು. "ಯಾಕ್ರೀ ಉತ್ತರ ಕೊಡಲಿಲ್ಲ? ಎಷ್ಟು ನೊಂದ್ಕೊಂಡೆ ಗೊತ್ತಾ?"

"ಸತ್ರೂ ಓಣಿ ಹಿಡಿಯಲ್ಲ ಅಂತ ಬರೆದೋನು, ಇದೇ ಕುರ್ಚೀಲಿ ಕೂತು ಹಿಡಿದುಬಿಟ್ಟೆ. ಯಾವ ಮು... ಮುಖ ಇಟ್ಕೊಂಡು ಸಿಗಲಿ?"

"ಫೋನ್ ಬಂದ್ರೆ ತಂಗಿ ಕೈಗೆ ಕೊಡೋಳು ನಾನು. ನನ್ನ ಮುಂದೆ ನಿಮಗೆಂಥ ನಾಚಿಕೆ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ನಾನು ನಿಮ್ಮನ್ನ... ಪ್... ಪ್ರೀ..."

"ಪ್ರೀತಿಸ್ತಾನಂತಮ್ಮಾ!" ಬಾಗಿಲಾಚೆಯಿಂದ ಅಕ್ಕನ ದನಿ!

"ಮುಗಿಸಬೇಡಿ!"

ಇಬ್ಬರೂ ಒಟ್ಟಿಗೇ ಕೂಗಿದರು. ಇಬ್ಬರ ಮಾತೂ ಎಲ್ಲೂ ತಡೆಯಲಿಲ್ಲ.

ಹೊರಗೆ ಯಜಮಾನರು ಗೊಣಗುವುದು ಕೇಳಿಸಿತು. "ಬನ್ರಮ್ಮಾ ಈಚೆಗೆ. ನಾಳೆ ಹೇಗಿದ್ರೂ ಕೆಲಸಕ್ಕೆ ಬರ್ತಾಳಲ್ಲ, ಆಗ ಕೇಳಿದ್ರಾಯ್ತು."

ಒಳಗೆ ಅವಳು ನಗುತ್ತಾ ಕಣ್ಣೊರೆಸಿಕೊಂಡಳು. "ನೀವು ಹೇಳಿ. ನಾನು ಕಾಯ್ತೀನಿ."

"ಪ್... ಪ್ರೀತಿಸ್ತೀನಿ."

ಈಗ ಅವಳ ಸರದಿ. ಅವಳಿಗೂ ಅದೇ ಅಕ್ಷರ ಗುಳುಂಬ! 'ಇಷ್ಟ' ಎಂಬ ಸಲೀಸಾದ ಓಣಿ ಪಕ್ಕದಲ್ಲೇ ಇತ್ತು. ಊಹ್ಞೂಂ, ಇವತ್ತು ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂದುಕೊಂಡಳು.

"ನಾ... ನಾನೂ ಪ್... ಪ್... ಪ್..."

ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಹೊತ್ತುಕೊಂಡೇ ಅವನು ಕಾದ.

"...ಪ್ರೀತಿಸ್ತೀನಿ!" ಎಂದಳು, ಉಸಿರು ಬಿಟ್ಟು. "ತುಂಬಾ ತ... ತಡ ಆಯ್ತಾ?"

"ನನ್ನ ಹೆಸರೇ ಸಾವಕಾಶ ಕಣ್ರೀ... ಇನ್ನೊಂದ್ಸಲ ಹೇಳಿ."