ಗಗನಾಳ ತೊಡೆಯ ಮೇಲಿನ ಮಗು

ಕೇಳಲಿಲ್ಲ, ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಮಗುವನ್ನು ಎತ್ತಿ ಗಗನಾಳ ತೊಡೆಯ ಮೇಲೆ ಕೂರಿಸಿಯೇಬಿಟ್ಟಳು.

ಗಗನಾ ಕೈಕಾಲು ಅಲ್ಲಾಡಿಸದೆ ಕುಳಿತಳು. ಮಗು ಮಾತ್ರ ಅದು ತನ್ನದೇ ಸೀಟು ಎನ್ನುವ ಹಾಗೆ ಒರಗಿಕೊಂಡು, ಅವಳ ಐಡಿ ಕಾರ್ಡನ್ನು ಬಾಯಿಗೆ ಹಾಕಿಕೊಂಡಿತು.

ಯಸಳೂರಿನಿಂದ ಹೊರಟ ಸಂಜೆಯ ಬಸ್ಸು ತುಂಬಿ ತುಳುಕುತ್ತಿತ್ತು. ಈ ಕಡೆಯ ಬಸ್ಸುಗಳಲ್ಲಿ ಸೀಟು ಸಿಕ್ಕವರು, ಸಿಗದವರ ಚೀಲ, ಕೊಡೆ, ಮಕ್ಕಳನ್ನೆಲ್ಲ ತೊಡೆಯ ಮೇಲೆ ಇಟ್ಟುಕೊಳ್ಳುವುದು ವಾಡಿಕೆ. ಅದು ಗಗನಾಗೂ ಗೊತ್ತಿತ್ತು. ಅಮ್ಮ ಎಷ್ಟು ಜನರ ಮಕ್ಕಳನ್ನು ಹಾಗೆ ಇಟ್ಟುಕೊಂಡಿಲ್ಲ! ಆದರೆ ಇವತ್ತು ಅಮ್ಮ ಇರಲಿಲ್ಲ. ದಿನವೂ ಜೊತೆಗೆ ಬರುವ ಅಣ್ಣ ಮೋಹಿತ್ ಕೂಡ ಜ್ವರ ಬಂದು ಮನೆಯಲ್ಲಿ ಮಲಗಿದ್ದ.

ಬೆಳಿಗ್ಗೆ ಅಮ್ಮ ಒಂದೇ ಮಾತನ್ನು ಹತ್ತು ಸಲ ಹೇಳಿದ್ದಳು. "ಗುರುತಿಲ್ಲದೋರ ಹತ್ರ ಮಾತಾಡ್ಬೇಡ. ಏನು ಕೊಟ್ರೂ ತಗಬೇಡ."

ಹೋದ ವಾರ ಪೂಜಿತಾ ಮಿಸ್ ಕೂಡ ಕ್ಲಾಸಿನಲ್ಲಿ ಇದನ್ನೇ ಹೇಳಿದ್ದರು. ಚಾಕಲೇಟ್ ಕೊಟ್ಟರೆ ಬೇಡ ಅನ್ನಬೇಕು. ಸರಿ. ಮಗು ಕೊಟ್ಟರೆ? ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗಗನಾ ಆ ಹೆಂಗಸಿನ ಮುಖವನ್ನು ನೋಡಲೇ ಇಲ್ಲ. ನೋಡಿದರೆ ಮಾತಾಡಬೇಕಾದೀತು ಎಂದು ಭಯ. ಮೇಲಿನ ಕಂಬಿ ಹಿಡಿದಿದ್ದ ಕೈಯಷ್ಟೇ ಕಂಡಿತು. ಆ ಕೈಯಲ್ಲಿ ಒಂದು ಬಿಳಿ ಬಳೆ, ಒಂದು ಕೆಂಪು ಬಳೆ.

ಪಕ್ಕದ ಸೀಟಿನ ಅಜ್ಜಿ ಮಗುವಿನ ಕೆನ್ನೆ ಮುಟ್ಟಿ, "ನಿನ್ ತಂಗಿಯೇನವ್ವಾ?" ಎಂದು ಕೇಳಿದರು.

ಗಗನಾ ತುಟಿ ಬಿಚ್ಚಲಿಲ್ಲ.

"ಯಾವೂರಾಯ್ತು ಮಗಾ?"

ಗಗನಾ ಮಗುವಿನ ತಲೆಯ ಹಿಂದೆ ಮುಖ ಮರೆಸಿಕೊಂಡಳು.

"ಅಯ್ಯೋ, ಮಾತು ಬರಕಿಲ್ವೇನೋ ಪಾಪ," ಎಂದು ಅಜ್ಜಿ ತಮಗೆ ತಾವೇ ಹೇಳಿಕೊಂಡು ಎಲೆಅಡಿಕೆ ಚೀಲ ಬಿಚ್ಚಿದರು. ಗಗನಾಗೆ ಸಿಟ್ಟು ಬಂತು. ಇಡೀ ಕ್ಲಾಸಿನಲ್ಲಿ ಅವಳಷ್ಟು ಮಾತಾಡುವವರು ಇನ್ನೊಬ್ಬರಿಲ್ಲ!

ಒಂದು ಎಸ್ಟೇಟ್ ಗೇಟಿನ ಮುಂದೆ ಬಸ್ಸು ನಿಂತಿತು. ಹಿಂದಿನಿಂದ ಮೂಟೆ ಹೊತ್ತವರು ನೂಕಿಕೊಂಡು ಬಂದರು. "ಜಾಗ ಬಿಡ್ರಮ್ಮಾ, ಇಳಿಯೋರಿಗೆ ಜಾಗ ಬಿಡ್ರಿ!" ಬಳೆಯ ಕೈ ಕಂಬಿಯಿಂದ ಜಾರಿ, ಆ ಗದ್ದಲದಲ್ಲಿ ಎಲ್ಲೋ ಹೋಯಿತು.

ಹಿಂದೆ ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ "ರೈಟ್, ರೈಟ್!" ಎಂದು ಕೂಗಿದ. ಬಸ್ಸು ಹೊರಟಿತು.

ಗಗನಾ ತಲೆಯೆತ್ತಿ ನೋಡಿದಳು. ಕಂಬಿಯ ಮೇಲೆ ಹತ್ತಾರು ಕೈಗಳಿದ್ದವು. ಬಿಳಿ ಬಳೆ, ಕೆಂಪು ಬಳೆ ಎಲ್ಲೂ ಇರಲಿಲ್ಲ.

ಹಿಂದಕ್ಕೆ ಹೋಗಿರಬಹುದೇ? ಮುಂದೆ ಡ್ರೈವರ್ ಹತ್ತಿರ ನಿಂತಿರಬಹುದೇ? ಹೊರಗೆ ಯಾರೋ ಕೂಗಿದಂತಾಯಿತು. ಅಜ್ಜಿಯ ಆಚೆಯ ಕಿಟಕಿಯತ್ತ ಬಗ್ಗಿ ನೋಡಿದರೆ ಒಬ್ಬ ಹೆಂಗಸು ಕೈಯೆತ್ತಿಕೊಂಡು ಬಸ್ಸಿನ ಹಿಂದೆ ಓಡಿ ಬರುತ್ತಿದ್ದಾಳೆ. ಅವಳೇನಾ? ಬಸ್ಸು ತಪ್ಪಿಸಿಕೊಂಡ ಬೇರೆ ಯಾರಾದರೂ ಇರಬಹುದಲ್ಲ? ಮುಖ ನೋಡಿದ್ದರೆ ತಾನೇ ಗುರುತು ಸಿಗುವುದು! ತಪ್ಪಾಗಿ ಬಸ್ಸು ನಿಲ್ಲಿಸಿದರೆ ಕಂಡಕ್ಟರ್ ಬೈಯುತ್ತಾನೆ. ಎಲ್ಲರೂ ತಿರುಗಿ ನೋಡುತ್ತಾರೆ.

ಗಗನಾ ಯೋಚಿಸುತ್ತಲೇ ಇದ್ದಳು. ಬಸ್ಸು ಒಂದು ತಿರುವು ದಾಟಿತು. ಓಡುತ್ತಿದ್ದ ಹೆಂಗಸು ಮರೆಯಾದಳು.

ಮಗು ಐಡಿ ಕಾರ್ಡು ಬಿಟ್ಟು ಸುತ್ತಲೂ ನೋಡಿತು. ಅದಕ್ಕೂ ಬೇಕಾದ ಮುಖ ಸಿಗಲಿಲ್ಲ. ತುಟಿ ಸೊಟ್ಟಗೆ ಮಾಡಿಕೊಂಡು ಜೋರಾಗಿ ಅಳತೊಡಗಿತು.

ಈಗ ಅಮ್ಮನ ಮಾತು ಕೇಳುವುದೋ, ಮಗುವಿನ ಅಳು ಕೇಳುವುದೋ?

"ಅಜ್ಜೀ," ಎಂದಳು. ಅಜ್ಜಿಯ ಸೆರಗು ಹಿಡಿದು ಎಳೆದಳು. "ಅಜ್ಜೀ, ಇದು ನನ್ ತಂಗಿ ಅಲ್ಲ! ಇದರ ಅಮ್ಮ ಕೆಳಗೆ ಉಳ್ಕೊಂಡ್ಬುಟ್ರು!"

ಅಜ್ಜಿ ಅವಳನ್ನೂ ಮಗುವನ್ನೂ ಒಂದು ಸಲ ನೋಡಿದರು. ಮರುಕ್ಷಣ ಬಸ್ಸೇ ಅದುರುವ ಹಾಗೆ ಕೂಗಿದರು. "ಹೋಲ್ಡಾನ್ ಕಣಪ್ಪೋ! ಹೋಲ್ಡಾನ್!"

"ಹೋಲ್ಡಾನ್! ಹೋಲ್ಡಾನ್!" ಎಂದು ಹಿಂದಿನವರು, ಮುಂದಿನವರು, ಏನಾಯಿತೆಂದು ಗೊತ್ತಿಲ್ಲದವರೂ ಕೂಗಿದರು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ. "ಏನ್ ಮಾರಾಯ್ತಿ, ಯಾರ್ದು ಮಗು?"

"ಗೊತ್ತಿಲ್ಲ," ಎಂದಳು ಗಗನಾ.

"ಗೊತ್ತಿಲ್ದೆ ಎತ್ಕೊಂಡು ಕೂತಿದೀಯಾ?"

"ಅವರೇ ಕೂರಿಸಿದ್ದು."

"ಅಸ್ಸಾಮಿಂದ ಬಂದೋರ ಮಗು ಕಣ್ರೀ. ಎಸ್ಟೇಟ್ ಕೂಲಿ ಲೈನ್ ಮನೇಲಿ ಇರ್ತಾರಲ್ಲ, ಅವ್ರದ್ದು," ಎಂದಿತು ಹಿಂದಿನಿಂದ ಒಂದು ಗಂಡು ಧ್ವನಿ. "ಬೇಕಂತಲೇ ಬಿಟ್ಟು ಹೋಗ್ಬುಟ್ಟಿರ್ತಾಳೆ, ಯಾರಿಗ್ ಗೊತ್ತು?"

"ಇಲ್ಲ!" ಗಗನಾ ತಾನೇ ಬೆಚ್ಚುವಷ್ಟು ಜೋರಾಗಿ ಕೂಗಿದಳು. "ಓಡಿ ಬರ್ತಾ ಇದ್ರು. ನಾನ್ ನೋಡ್ದೆ. ನಾನೇ ಲೇಟಾಗಿ ಹೇಳ್ದೆ."

ಹೇಳುವಾಗ ಅವಳಿಗೇ ಅಳು ಬಂತು. ಅಜ್ಜಿ ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಕುಳಿತರು.

ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಒಂದು ಬೈಕ್ ಕಾಣಿಸಿತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಮಗುವಿನ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬಂದಿದ್ದರು. ಬೈಕ್ ನಿಲ್ಲುವ ಮೊದಲೇ ಅವಳು ಹಾರಿ ಇಳಿದಳು. ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಬಸ್ಸು ಹತ್ತಿ ಬಂದವಳು ಮಗುವನ್ನು ಬಾಚಿ ತಬ್ಬಿಕೊಂಡಳು.

ಆಗ ಗಗನಾ ಮೊದಲ ಸಲ ಅವಳ ಮುಖ ನೋಡಿದಳು. ಅದು ಅತ್ತೂ ಅತ್ತೂ ಕೆಂಪಾಗಿದ್ದ, ತುಂಬಾ ಚಿಕ್ಕ ವಯಸ್ಸಿನ ಮುಖ.

"ಜಾಗ ಬಿಡಿ ಅಂದ್ರು," ಎಂದಳು ಆ ಹೆಂಗಸು ತೊದಲುತ್ತಾ. "ಇಳಿದೆ. ಬಸ್ ಹೋಯ್ತು."

ಇಳಿಯುವವರಿಗೆ ಜಾಗ ಬಿಡಲೆಂದು ಕೆಳಗಿಳಿದಿದ್ದಳು, ಅಷ್ಟೇ. ಎಲ್ಲರೂ ದಿನವೂ ಮಾಡುವ ಕೆಲಸವೇ ಅದು. ಹಿಂದಿನ ಗಂಡು ಧ್ವನಿ ಮತ್ತೆ ಕೇಳಿಸಲಿಲ್ಲ. ಕಂಡಕ್ಟರ್ ತಲೆ ಕೆರೆದುಕೊಂಡು, "ನಾನೂ ನೋಡ್ಬೇಕಿತ್ತು ಕಣಮ್ಮಾ," ಎಂದ.

ಗಗನಾ ಎದ್ದು ನಿಂತು ಸೀಟು ಬಿಟ್ಟುಕೊಟ್ಟಳು. ಹೆಂಗಸು ಮಗುವಿನೊಂದಿಗೆ ಕುಳಿತಳು. ಬಸ್ಸು ಹೊರಟಿತು.

ಮನೆಗೆ ಹೋದ ಕೂಡಲೇ ಅಮ್ಮ ಕೇಳುತ್ತಾಳೆ, ಯಾರ ಹತ್ರಾನೂ ಮಾತಾಡ್ಲಿಲ್ಲ ತಾನೇ ಎಂದು. ಏನು ಹೇಳುವುದು? ಇಡೀ ಬಸ್ಸಿನ ಹತ್ತಿರ ಮಾತಾಡಿಬಿಟ್ಟಿದ್ದಳು. ಮಾತಾಡದೆ ಕುಳಿತಿದ್ದ ಆ ಒಂದು ತಿರುವಿನ ಬಗ್ಗೆ ಹೇಳುವುದೇ ಅವಳಿಗೆ ಹೆಚ್ಚು ಕಷ್ಟವೆನಿಸಿತು.

ಬಸ್ಸು ವಾಲಿತು. ಬೆನ್ನ ಮೇಲಿನ ಸ್ಕೂಲ್ ಬ್ಯಾಗು ಅವಳನ್ನು ಹಿಂದಕ್ಕೆ ಎಳೆಯಿತು. ಆಗ ಆ ಹೆಂಗಸು ಬಳೆಯ ಕೈಯನ್ನು ಅವಳ ಕಡೆ ಚಾಚಿದಳು. ಏನು ಬೇಕೆಂದು ಗಗನಾಗೆ ಮೊದಲು ತಿಳಿಯಲಿಲ್ಲ.

ಆಮೇಲೆ ತಿಳಿಯಿತು. ಅವಳು ಬ್ಯಾಗು ಕಳಚಿ ಆ ಕೈಗೆ ಕೊಟ್ಟಳು. ಹೆಂಗಸು ಅದನ್ನು ಮಗುವಿನ ಪಕ್ಕ ತೊಡೆಯ ಮೇಲೆ ಇಟ್ಟುಕೊಂಡಳು.

"ನನ್ ಹೆಸ್ರು ಗಗನಾ," ಎಂದಳು ಗಗನಾ.