ಎದೆ ನೇರದ ಗುಂಡಿ

ಯಾರೂ ಕರೆಯದೆಯೇ ಲಿಫ್ಟ್ ಬಂದು ನಿಂತಿತು.

ಮಧ್ಯಾಹ್ನ ಮೂರು ಗಂಟೆ. ಮೂರನೇ ಮಹಡಿಯ ಕಾರಿಡಾರಿನಲ್ಲಿ ನರಪಿಳ್ಳೆ ಇಲ್ಲ. ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಒಳಗೂ ಯಾರೂ ಇಲ್ಲ... ಮಂಕು ದೀಪವೊಂದೇ ನಡುಗುತ್ತಿತ್ತು.

ಲಿಫ್ಟಿನ ಎದುರಿನ ಟೈಲರಿಂಗ್ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮೇಲಿದ್ದ ಅವಳ ಪಾದ ತಾನಾಗಿ ನಿಂತಿತು. ಈ ವಾರದಲ್ಲಿ ಇದು ನಾಲ್ಕನೇ ಸಲ. ಅದೇ ಹೊತ್ತು, ಅದೇ ಖಾಲಿ ಪೆಟ್ಟಿಗೆ.

'ಅವನೇ... ಅವನೇ ಬರುತ್ತಿದ್ದಾನೆ!'

"ಹೆದರ್ಕೋಬೇಡಿ ಟೈಲರ್ ಮೇಡಂ. ಕೆಟ್ಟಿರೋದು ಲಿಫ್ಟು, ಲೋಕ ಅಲ್ಲ!"

ಮೆಟ್ಟಿಲ ಕಡೆಯಿಂದ ಬಂದವನ ಹೆಗಲಲ್ಲಿ ಸಲಕರಣೆ ಚೀಲ, ಕೈತುಂಬ ಗ್ರೀಸು. ಲಿಫ್ಟ್ ರಿಪೇರಿಗೆಂದು ಬಂದವನು.

"ನನಗೊಂದು ಶರ್ಟು ಹೊಲ್ಕೊಡ್ತೀರಾ?"

"ಗಂಡಸರ ಬಟ್ಟೆ ಹೊಲಿಯಲ್ಲ."

"ಮತ್ತೆ ಅದು?"

ಅವನು ಮೂಲೆಗೆ ಕೈ ತೋರಿಸಿದ. ಅಲ್ಲಿ ತಲೆಯಿಲ್ಲದ ಗೊಂಬೆಯೊಂದು ಒಂಟಿ ತೋಳಿನ ನೀಲಿ ಅಂಗಿ ತೊಟ್ಟು ನಿಂತಿತ್ತು. ಹೆಗಲ ಮೇಲೆ ಮೂರು ವರ್ಷದ ಧೂಳು.

"ನನ್ನ ಅಳತೆನೂ ಹೆಚ್ಚುಕಮ್ಮಿ ಅಷ್ಟೇ. ಎದೆ ಮೂವತ್ತೆಂಟು, ತೋಳು ಇಪ್ಪತ್ನಾಲ್ಕು, ಕಾಲರ್ ಹದಿನೈದು."

ಅವಳ ಕೈಯಿಂದ ಅಳತೆ ಟೇಪು ಜಾರಿತು. ಮೂರಕ್ಕೆ ಮೂರೂ ಸತ್ತವನ ಅಳತೆ!

"ಹೋಗಿ... ದಯವಿಟ್ಟು ಇಲ್ಲಿಂದ ಹೋಗಿ!"

ಅವನ ನಗು ಆರಿತು. 'ಅಷ್ಟೊಂದು ಬೇಡವಾದೆನೇ ನಾನು?' ಎಂದುಕೊಂಡು ತಲೆ ತಗ್ಗಿಸಿ ಇಳಿದುಹೋದ.

ಅವಳ ಅಪ್ಪ, ಅವಳು ಹೊಲಿದ ಹೊಸ ಅಂಗಿ ತೊಟ್ಟು ಮಲಗಿದವರು ಏಳಲಿಲ್ಲ. ಆಮೇಲೆ ಮದುವೆ ಗೊತ್ತಾಗಿದ್ದವನು... ಅವಳು ಹೊಲಿದ ಅಂಗಿಯಲ್ಲೇ ಬೈಕ್ ಹತ್ತಿ ಹೋದವನು ಬರಲಿಲ್ಲ. ಸುದ್ದಿ ಬಂದಾಗ ಅವಳ ಕೈಯಲ್ಲಿ ಅವನ ಎರಡನೇ ಅಂಗಿಯ ತೋಳಿತ್ತು.

ಸೂತಕದ ಮನೆಯಲ್ಲಿ ಸೋದರತ್ತೆ ಎಲ್ಲರೆದುರೇ ಅಂದಿದ್ದರು: "ಇವಳ ಕೈಗುಣವೇ ಅಂಥದ್ದು. ಇವಳು ಹೊಲಿದಿದ್ದು ತೊಟ್ಟ ಗಂಡಸು ಉಳಿಯಲ್ಲ!"

ಆ ಒಂದು ಮಾತು ಸೂಜಿಯಂತೆ ಇಳಿಯಿತು, ದಾರದಂತೆ ಉಳಿಯಿತು.

ಐದನೇ ಮಹಡಿಯ ಆಪ್ತಸಮಾಲೋಚಕಿಯ ಬಳಿ ಅವಳು ಹೋಗತೊಡಗಿ ಎರಡು ತಿಂಗಳಾಗಿತ್ತು. ಬೆಳ್ಳಿಗೂದಲ ಆ ಹೆಂಗಸು ಅವಳಿಂದ ಆ ಮಾತನ್ನು ಒಂದು ಹಾಳೆಯಲ್ಲಿ ಬರೆಸಿದ್ದರು.

"ಇದು ನಿಜ ಅಂತ ನೂರಕ್ಕೆ ಎಷ್ಟು ಅನ್ಸುತ್ತಮ್ಮಾ?"

"ತೊಂಬತ್ತೈದು."

"ಸಾಕ್ಷಿ?"

"ಇಬ್ಬರು ಸತ್ತಿದ್ದಾರೆ ಮೇಡಂ! ಇನ್ನೇನು ಸಾಕ್ಷಿ ಬೇಕು?"

"ಸತ್ತೋರನ್ನ ಎದೇಲಿ ಇಟ್ಕೊಂಡಿದ್ದೀಯ. ನಿನ್ನ ಅಂಗಿ ತೊಟ್ಟು ಬದುಕಿರೋರನ್ನ ಎಲ್ಲಿಟ್ಟಿದ್ದೀಯ?"

ಅವಳು ಕೆಳಗಿಳಿದು, ಹಳೆಯ ಅಳತೆ ಪುಸ್ತಕದ ಧೂಳು ಕೊಡವಿದಳು. ಅರವತ್ತೆರಡು ಗಂಡಸರು! ಮೊದಲ ನಂಬರ್ ಒತ್ತಿದಳು.

"ಹಲೋ... ನೀವು... ಇದ್ದೀರಾ?"

"ಇರೋದಕ್ಕೇ ತಾನೇ ಫೋನ್ ಎತ್ತಿರೋದು! ಯಾರಮ್ಮ ನೀನು?"

ಇನ್ನೊಬ್ಬರು ಗಟ್ಟಿಯಾಗಿ ನಕ್ಕರು. "ನಾನು ಗುಂಡುಕಲ್ಲಿನ ಹಾಗಿದ್ದೀನಿ. ನಿನ್ನ ಶರ್ಟೇ ಪಾಪ, ನೆಲ ಒರೆಸೋ ಬಟ್ಟೆ ಆಯ್ತು!"

ಎಂಟು ಜನ ಫೋನ್ ಎತ್ತಲಿಲ್ಲ. ಒಬ್ಬ ಮೇಷ್ಟರು ಎಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅಂಗಿ ಹೊಲಿಸಿ ಐದು ವರ್ಷ ಕಳೆದ ಮೇಲೆ. ಮಿಕ್ಕವರೆಲ್ಲ ಇದ್ದರು. ಆಕಳಿಸುತ್ತ, ಕೆಮ್ಮುತ್ತ, ಗದರುತ್ತ... ಬದುಕಿದ್ದರು! ಅವಳಿಗೆ ಅಳು ಬಂತು.

"ಈಗ ಎಷ್ಟು?" ಐದನೇ ಮಹಡಿಯಲ್ಲಿ ಆಪ್ತಸಮಾಲೋಚಕಿ ಆ ಹಾಳೆಯನ್ನು ಮತ್ತೆ ಮುಂದಿಟ್ಟರು.

"ಐವತ್ತು, ಮೇಡಂ."

"ತಲೆಗೆ ಗೊತ್ತಾಗಿದೆ, ಕೈಗೆ ಗೊತ್ತಾಗಿಲ್ಲ. ಕೈಗೆ ಗೊತ್ತಾಗ್ಬೇಕಾದ್ರೆ ಹೊಲೀಬೇಕು. ತೊಡೋರಿಗೆ ಎಲ್ಲ ಹೇಳಿ, ಅವರು ಒಪ್ಪಿದ್ರೆ ಮಾತ್ರ."

ನೆಲಮಹಡಿಯಲ್ಲಿ ಲಿಫ್ಟಿನವನನ್ನು ಹುಡುಕಿ ಅವಳು ಒಂದಕ್ಷರ ಬಿಡದೆ ಹೇಳಿದಳು. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ನನ್ನ ಮುಖ ಕಂಡ್ರೇ ನಿಮಗಾಗಲ್ಲ ಅಂದ್ಕೊಂಡಿದ್ದೆ... ಹೆದರಿದ್ದು ಶರ್ಟಿಗಾ? ಹೊಲೀರಿ! ಏಳು ದಿನ ಅದನ್ನೇ ಒಗೆದೊಗೆದು ಹಾಕ್ಕೋತೀನಿ. ಮೂರು ಗಂಟೆಗೆ ಬಂದು ಹಾಜರಿ ಹೇಳ್ತೀನಿ."

ಅವನನ್ನು ಮುಟ್ಟಿ ಅಳೆಯಲು ಅವಳಿಗೆ ಧೈರ್ಯ ಬರಲಿಲ್ಲ. ಅವನು ಹೇಳಿದ ಲೆಕ್ಕಕ್ಕೇ ಬಿಳಿ ಬಟ್ಟೆ ಕತ್ತರಿಸಿದಳು. ಹೊಲಿಯುವಾಗ ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಆದರೂ ಗೊಂಬೆ ತೊಟ್ಟ ಅಂಗಿಯ ಒಂಟಿ ತೋಳು ಒಮ್ಮೆ ತೂಗಿದಂತಾಯಿತು... 'ಬೇಡ' ಎಂಬಂತೆ.

"ಹಾಜರ್, ಮೇಡಂ!"

ಒಂದು ದಿನ, ಎರಡು ದಿನ, ಆರು ದಿನ. ಎರಡೂಮುಕ್ಕಾಲಾದರೆ ಅವಳ ಕಿವಿ ಮೆಟ್ಟಿಲ ಮೇಲೆ. ಅವನು ಬಂದು ಹೋದ ಮೇಲೆ ಕೋಣೆಯಲ್ಲಿ ಗ್ರೀಸಿನ ವಾಸನೆ, ಅದೂ ಹಿತ!

ಆದರೆ ಐದನೇ ಮಹಡಿಯಲ್ಲಿ ಹಾಳೆಯ ಅಂಕಿ ನಲವತ್ತೈದಕ್ಕೇ ನಿಂತಿತ್ತು.

"ಆರು ದಿನಕ್ಕೆ ಐದೇ ಇಳೀತಾ? ಏನು ಮುಚ್ಚಿಟ್ಟಿದ್ದೀಯಮ್ಮಾ?"

ಅವಳು ಮುಷ್ಟಿ ಬಿಡಿಸಿದಳು. ಒಂದು ಬಿಳಿ ಗುಂಡಿ.

"ಎದೆ ನೇರದ್ದು. ಹಚ್ಚಲಿಲ್ಲ... ಪೂರ್ತಿಯಾಗದ ಅಂಗಿ ಕೊಲ್ಲಲಾರದು ಅಂತ..."

"ಹಾಗಾದ್ರೆ ಅವನನ್ನ ಕಾಯ್ತಿರೋದು ಆ ಗುಂಡಿ ಅಂತ ನಿನ್ನ ಭಯ ನಂಬ್ಕೊಂಡಿದೆ. ಈ ಊರುಗೋಲು ಬಿಡಮ್ಮಾ. ಹೋಗಿ ಹಚ್ಚು."

ಏಳನೇ ದಿನ ಅವನು ಬಂದಾಗ ಎದೆಯ ಬಳಿ ಗುಂಡಿಯ ಜಾಗದಲ್ಲಿದ್ದ ಪಿನ್ನು ಅವಳ ಕಣ್ಣಿಗೆ ಬಿತ್ತು.

"ಗುಂಡಿ ಇಲ್ಲ ಅಂತ ಗೊತ್ತಿತ್ತಾ?"

"ಮೊದಲನೇ ದಿನವೇ. ಕೇಳಿದ್ರೆ ಶರ್ಟು ವಾಪಸ್ ತಗೊಂಡುಬಿಡ್ತೀರೇನೋ ಅಂತ ಸುಮ್ಮನಿದ್ದೆ."

ಅವನು ತೊಟ್ಟಿದ್ದಂತೆಯೇ ಅವಳು ಗುಂಡಿ ಹಚ್ಚಿದಳು. ದಾರ ಹಲ್ಲಿನಿಂದ ಕತ್ತರಿಸಲು ಬಗ್ಗಿದಾಗ ಅವನ ಗುಂಡಿಗೆಯ ಸದ್ದು ಕೇಳಿಸಿತು. 'ದೇವರೇ, ಇದು ನಿಲ್ಲದಿರಲಿ!'

ಅವನು ಕೆಲಸಕ್ಕೆಂದು ಮೇಲೆ ಹೋದ.

ಸ್ವಲ್ಪ ಹೊತ್ತಿಗೆ ಮೇಲೆಲ್ಲೋ 'ಧಡ್' ಎಂದಿತು. ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಲಿಫ್ಟ್ ಇಳಿಯುವ ಸದ್ದು... ಇಳಿಯಿತು, ನಿಂತಿತು, ತೆರೆಯಿತು.

ಒಳಗೆ ಅವನಿಲ್ಲ! ನೆಲದ ಮೇಲೆ ಅವನ ಚೀಲ ಮಾತ್ರ.

ತಲೆಯೊಳಗೆ ಸೋದರತ್ತೆಯ ದನಿ. ಓಡಿಹೋಗಿ ಬಾಗಿಲು ಹಾಕಿಕೊಳ್ಳಬೇಕು ಎನಿಸಿತು... ಆದರೆ ಅವಳು ಮೆಟ್ಟಿಲು ಹತ್ತಿದಳು. 'ಇದು ಭಯದ ಮಾತು, ಸಾಕ್ಷಿಯಲ್ಲ. ನೋಡುತ್ತೇನೆ. ಕಣ್ಣಾರೆ ನೋಡುತ್ತೇನೆ!'

ತಿರುವಿನಲ್ಲಿ ಅವನ ಎದೆಗೇ ಡಿಕ್ಕಿ ಹೊಡೆದಳು.

"ಅಯ್ಯೋ! ಏನಾಯ್ತು? ಎಲ್ಲಿ ನಿಲ್ಲುತ್ತೆ ನೋಡೋಣ ಅಂತ ಚೀಲ ಮಾತ್ರ ಕಳಿಸಿದ್ದೆ. ನೆಲಮಹಡಿಗೆ ಒತ್ತಿದ್ದು!"

"ಮೂರರಲ್ಲೇ ನಿಂತಿದೆ... ಯಾಕೆ?"

"ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಅಂದ ಮಾತ್ರಕ್ಕೆ ದೆವ್ವ ಅಂತಲ್ಲವಲ್ಲ."

ಅವಳು ನಕ್ಕಳು, ಅತ್ತಳು, ಅವನ ಅಂಗಿ ಬಿಡಲಿಲ್ಲ.

"ನನಗೀಗ ಶರ್ಟಿನ ಭಯ ಅಲ್ಲ... ನೀವು ಬರದೇ ಮೂರು ಗಂಟೆ ಆಗಿಬಿಟ್ರೆ ಅನ್ನೋ ಭಯ."

ಅವನು ಏದುಸಿರು ಬಿಡುತ್ತ ನಿಂತ.

"ಯಾಕೆ ಹೀಗೆ ಏದುಸಿರು?"

"ಹೇಳ್ಲಾ? ಶರ್ಟು ಬಿಗಿ, ಮೇಡಂ!"

ಕೊರಳಲ್ಲಿದ್ದ ಟೇಪು ತೆಗೆದು ಮೊದಲ ಸಲ ಅವನ ಎದೆಯ ಸುತ್ತ ಬಳಸಿದಳು. ಕಣ್ಣರಳಿತು.

"ನಲವತ್ತು! ಮೂವತ್ತೆಂಟು ಅಂದಿದ್ರಲ್ಲ?"

"ಅದು ಯಾವುದೋ ಹಳೇ ರೆಡಿಮೇಡ್ ಶರ್ಟಿನ ಚೀಟಿಯಲ್ಲಿದ್ದದ್ದು. ನನ್ನನ್ನ ಯಾರೂ ಅಳೆದೇ ಇರಲಿಲ್ಲ."

ಸತ್ತವನ ಅಳತೆ ಇವನದಾಗಿರಲೇ ಇಲ್ಲ. ಟೈಲರಾಗಿಯೂ ತಾನು ಅಳೆದು ನೋಡಿರಲಿಲ್ಲ!

"ಐದನೇ ಮಹಡಿ ಮೇಡಂ ಕೇಳಿದ್ರೆ ಇವತ್ತು ಎಷ್ಟು ಅಂತೀರಿ?"

"ಹತ್ತು... ಹತ್ತು ಇನ್ನೂ ಇದೆ."

"ಇರ್ಲಿ ಬಿಡಿ. ಮದುವೆ ಶರ್ಟಿಗೆ ಎರಡಿಂಚು ಸಡಿಲ ಇಡಿ, ಅದಕ್ಕೂ ಜಾಗ ಆಗುತ್ತೆ."

ಅವಳು ಟೇಪು ಸಡಿಲಿಸಲಿಲ್ಲ.

"ಸುಮ್ನೆ ನಿಂತ್ಕೊಳ್ಳಿ... ಇನ್ನೊಂದ್ಸಲ ಅಳೀತೀನಿ."